ಗೋಡೆಯಾಚೆಯ ಬಾಣಂತಿ

ಲಂಡನ್ನಿಗೆ ಬಂದ ಹನ್ನೊಂದು ವರ್ಷದಿಂದ ಇಲ್ಲಿ ಬಿಸಿಲೇ ಇಲ್ಲ ಎಂದು ಊರಿನವರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆದರೆ ನನ್ನ ಬಾಣಂತನದ ಬೇಸಿಗೆಯಲ್ಲಿ ಕೆಂಟನ್ನಿನ ನಮ್ಮ ಮನೆಯ ಮಹಡಿಯ ಕೋಣೆ ಕಾದ ಹೆಂಚಿನಂತಾಗಿತ್ತು. ಅದರೊಳಗೆ ನಾನು ಉಣ್ಣೆಯ ಸ್ಕಾರ್ಫಿನಲ್ಲಿ ತಲೆ, ಕಿವಿ ಸುತ್ತಿಕೊಂಡು, ಕಾಲುಚೀಲ ಹಾಕಿಕೊಂಡು, ಹೊಟ್ಟೆಗೆ ಅಮ್ಮನ ಹಳೆಯ ನೂಲಿನ ಸೀರೆ ಬಿಗಿದುಕೊಂಡು ಮಲಗಿದ್ದೆ. ಕಿಟಕಿಯ ಸಂದಿಗಳಿಗೆಲ್ಲ ಅಮ್ಮ ಬಟ್ಟೆ ತುರುಕಿದ್ದಳು.

"ಗಾಳಿ ಅಂದ್ರೆ ಗಾಳಿನೇ ಕಣೇ. ಲಂಡನ್ ಗಾಳಿಯಾದ್ರೇನು, ತಿಪಟೂರ್ ಗಾಳಿಯಾದ್ರೇನು. ಕಿವಿಗೆ ಹೊಕ್ತು ಅಂದ್ರೆ ಸಾಯೋಗಂಟ ತಲೆನೋವು ಬಿಡಲ್ಲ," ಎನ್ನುತ್ತಿದ್ದಳು.

ಹೆರಿಗೆಗೆ ಮುಂಚೆ ದಿನಾ ಟ್ಯೂಬ್ ರೈಲಿನಲ್ಲಿ ನಿಂತುಕೊಂಡು ಆಫೀಸಿಗೆ ಹೋಗಿ, ಒಂದು ತಂಡವನ್ನೇ ನಡೆಸುತ್ತಿದ್ದವಳು ನಾನು. ಈಗ ಒಂದು ಲೋಟ ನೀರಿಗೂ ಅಮ್ಮನ ಅಪ್ಪಣೆ ಬೇಕಿತ್ತು. ಅದೂ ಕುದಿಸಿ ಆರಿಸಿದ ನೀರಲ್ಲ, ಕುದಿಯುವ ನೀರು. ಮೆಣಸಿನ ಸಾರು, ಬೆಳ್ಳುಳ್ಳಿ, ಒಣಶುಂಠಿ ಇಷ್ಟೇ ಪ್ರಪಂಚ. ಗಂಡ ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ನಿಂತು, ಪಾಪ ಎನ್ನುವ ಮುಖ ಮಾಡಿ, ಆಫೀಸಿಗೆ ಓಡಿಬಿಡುತ್ತಿದ್ದ. ಅವನ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಅವನ ಹೆಜ್ಜೆಯ ಸಪ್ಪಳ ಕೇಳಿದರೂ ಮೈ ಉರಿಯುತ್ತಿತ್ತು. ಹಾಗೆಂದು ಅಮ್ಮನಿಗೆ ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ಆರು ತಿಂಗಳ ವೀಸಾ ಹಿಡಿದುಕೊಂಡು, ಮಂಡಿನೋವಿನಲ್ಲಿ ವಿಮಾನ ಹತ್ತಿ ಬಂದವಳು. ಅವಳ ಹತ್ತಿರ ಕಿಟಕಿ ತೆಗಿ ಎನ್ನುವುದು ಹೇಗೆ?

ಕಿಟಕಿ ತೆಗೆಸಿದ್ದು ಕೊನೆಗೆ ಸಾಂಬ್ರಾಣಿ. ಒಂದು ಬೆಳಿಗ್ಗೆ ನನಗೆ ಎಣ್ಣೆನೀರು ಹಾಕಿ, ತಲೆಗೆ ಹೊಗೆ ಕೊಡಬೇಕೆಂದು ಅಮ್ಮ ಹೊರಟಳು. ಬಾರ್ಬೆಕ್ಯೂಗೆಂದು ತಂದಿಟ್ಟಿದ್ದ ಇದ್ದಿಲನ್ನು ಗ್ಯಾಸಿನ ಒಲೆಯ ಮೇಲೆ ಕೆಂಡ ಮಾಡಿ, ಬಾಣಲೆಯಲ್ಲಿ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಸಾಂಬ್ರಾಣಿ ಉದುರಿಸಿದ್ದೇ ತಡ, ಮಹಡಿಯ ಸೂರಿನಲ್ಲಿದ್ದ ಹೊಗೆ ಅಲಾರಂ ಕಿರುಚಿಕೊಂಡಿತು. ಕೆಳಗಿನದೂ ಜೊತೆಗೂಡಿತು. ಮಗು ಅಳತೊಡಗಿತು. ಅಮ್ಮ ಪೊರಕೆಯಿಂದ ಅಲಾರಂಗೆ ಬಾರಿಸುತ್ತ "ಏನ್ ಬಂತೇ ಇದುಕ್ಕೆ, ದರಿದ್ರದ್ದು!" ಎಂದು ಕೂಗುತ್ತಿದ್ದಳು. ನಾನು ಎದ್ದು, ಬಟ್ಟೆಯ ತುಂಡುಗಳನ್ನೆಲ್ಲ ಕಿತ್ತೆಸೆದು ಕಿಟಕಿ ತೆರೆದೆ.

ಪಕ್ಕದ ಮನೆಯ ಕಿಟಕಿಯೂ ಅದೇ ಹೊತ್ತಿಗೆ ತೆರೆಯಿತು. ನಮ್ಮದು ಒಂದೇ ಗೋಡೆ ಹಂಚಿಕೊಂಡ ಜೋಡಿಮನೆ. ಹಿಂದಿನ ಕೋಣೆಗಳ ಕಿಟಕಿಗಳು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬೆಂಕಿ ಬಿದ್ದಿದೆ ಎಂದು ಗಾಬರಿಯಾಗಿ ಹೊರಗೆ ಬಗ್ಗಿದವಳು ನನ್ನ ವಯಸ್ಸಿನ ಒಬ್ಬ ಚೀನೀ ಹೆಂಗಸು. ಆ ಸುಡುಬಿಸಿಲಿನಲ್ಲಿ ಅವಳ ತಲೆಯ ಮೇಲೆ ಕಿವಿ ಮುಚ್ಚುವ ಉಣ್ಣೆಯ ಟೋಪಿ ಇತ್ತು. ಮೈಮೇಲೆ ದಪ್ಪ ಸ್ವೆಟರ್, ತೋಳಿನಲ್ಲಿ ಎಳೆಗೂಸು. ಅವಳು ನನ್ನ ಸ್ಕಾರ್ಫ್ ನೋಡಿದಳು, ನಾನು ಅವಳ ಟೋಪಿ ನೋಡಿದೆ.

"ನಿನಗೂನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನನಗೂ," ಎಂದೆ. ಅಲಾರಂ ಹೊಡೆದುಕೊಳ್ಳುತ್ತಲೇ ಇತ್ತು, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೆರಿಗೆಯ ಹೊಲಿಗೆ ಎಳೆದು ನನ್ನ ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ನಮ್ಮ ಕಿಟಕಿಯ ಸ್ನೇಹ ಶುರುವಾಯಿತು. ಮೂರು ವರ್ಷ ಪಕ್ಕದಲ್ಲೇ ಇದ್ದರೂ ಕಸದ ಡಬ್ಬಿ ಹೊರಗಿಡುವಾಗ ತಲೆ ಆಡಿಸಿದ್ದು ಬಿಟ್ಟರೆ ಮಾತಿರಲಿಲ್ಲ. ಅವರಲ್ಲಿಯೂ ಬಾಣಂತಿ ಒಂದು ತಿಂಗಳು ಹೊಸ್ತಿಲು ದಾಟುವಂತಿಲ್ಲವಂತೆ, ತಣ್ಣೀರು ಮುಟ್ಟುವಂತಿಲ್ಲವಂತೆ. ವ್ಯತ್ಯಾಸ ಒಂದೇ. ನನಗೆ ಅಮ್ಮ ಚರ್ಮ ಸುಲಿಯುವಷ್ಟು ಬಿಸಿನೀರು ಹೊಯ್ಯುತ್ತಿದ್ದಳು. ಅವಳು ತಿಂಗಳಿಡೀ ತಲೆಗೆ ನೀರೇ ಹಾಕಿಕೊಳ್ಳಬಾರದು. ಇದನ್ನು ಅಮ್ಮನಿಗೆ ಹೇಳಿದೆ. "ಅಯ್ಯೋ, ಸ್ನಾನ ಇಲ್ದೆ ಎಂಥ ಬಾಣಂತನನೇ ಅದು?" ಎಂದು ಹೌಹಾರಿದಳು. ಆ ಕಡೆಯಿಂದ ಶುಂಠಿ, ಹುಳಿ ಬೆರೆತ ಮಾಂಸದ ವಾಸನೆ ಬಂದಾಗ ಮೂಗು ಮುಚ್ಚಿಕೊಂಡು ಏನದು ಎಂದು ಕೇಳಿದರೆ, ಬರೀ ಶುಂಠಿ ಎಂದು ಹೇಳಿ ಪಾರಾಗುತ್ತಿದ್ದೆ. ಹಂದಿಕಾಲು ಎಂದಿದ್ದರೆ ಅಮ್ಮ ಆ ಕಿಟಕಿಯನ್ನು ಮೊಳೆ ಹೊಡೆದೇ ಮುಚ್ಚುತ್ತಿದ್ದಳು.

ಅವಳ ತಾಯಿಗೆ ಈ ಸಲ ವೀಸಾ ಸಿಕ್ಕಿರಲಿಲ್ಲ. ಹಾಗಾಗಿ ಅವಳ ಬಾಣಂತನ ನಡೆಯುತ್ತಿದ್ದುದು ಕ್ಯಾಮೆರಾದಲ್ಲಿ. ಬೀರುವಿನ ಮೇಲೆ ಒಂದು ಬಿಳಿಯ ಪುಟ್ಟ ಕ್ಯಾಮೆರಾ ಇಟ್ಟಿದ್ದರು. ಚೀನಾದಿಂದ ತಾಯಿ ಅದರೊಳಗೆ ನೋಡುತ್ತ ಕೂತಿರುತ್ತಿದ್ದಳು. ನಾವು ಮಾತಾಡುತ್ತಿರುವಾಗಲೇ ಅದರಿಂದ ಧ್ವನಿ ಬರುತ್ತಿತ್ತು. ಇವಳು ಬೆಚ್ಚಿಬಿದ್ದು ಕಿಟಕಿ ಎಳೆದುಕೊಳ್ಳುತ್ತಿದ್ದಳು.

"ಏನಂತೆ?" ಎಂದರೆ, "ಕಾಲುಚೀಲ," ಎನ್ನುತ್ತಿದ್ದಳು.

ನನ್ನ ಅಮ್ಮ ಅಡುಗೆಮನೆಗೆ ಹೋದಾಗಲಾದರೂ ನಾನು ಸ್ಕಾರ್ಫ್ ಸಡಿಲಿಸಬಹುದಿತ್ತು. ಅವಳಿಗೆ ಅದೂ ಇರಲಿಲ್ಲ. ಕ್ಯಾಮೆರಾದ ಪ್ಲಗ್ಗು ಕಿತ್ತುಹಾಕಬಾರದೇ ಎಂದು ಒಮ್ಮೆ ಕೇಳಿಯೂ ಬಿಟ್ಟೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಕಿತ್ತರೆ ಅಮ್ಮ ಎಲ್ಲಿರ್ತಾಳೆ?" ಎಂದಳು.

ಅವಳು ಸಿಚುವಾನ್ ಕಡೆಯವಳು. ಓದಲೆಂದು ಬಂದು, ಇಲ್ಲಿಯೇ ಲೆಕ್ಕಪತ್ರ ವಿಭಾಗವೊಂದರಲ್ಲಿ ಕೆಲಸಕ್ಕೆ ಸೇರಿ ನಿಂತವಳು. ಮಾತಿಗೆ ಕೂತರೆ ಎರಡೂ ದೇಶಗಳನ್ನು ಒಂದೇ ಉಸಿರಿನಲ್ಲಿ ಬೈಯುತ್ತಿದ್ದಳು.

"ನಮ್ಮೂರಲ್ಲಿ ಎಲ್ಲರೂ ನಿನ್ನ ವಿಷಯಕ್ಕೆ ಬರ್ತಾರೆ. ದಪ್ಪ ಆಗಿದೀಯ, ಸಂಬಳ ಎಷ್ಟು, ಎರಡನೇದು ಯಾವಾಗ. ಉಸಿರು ಕಟ್ಟುತ್ತೆ. ಇಲ್ಲಿ ಯಾರೂ ಬರಲ್ಲ. ಪಕ್ಕದ ಮೇಜಿನವನು ನನ್ನ ಏಳನೇ ತಿಂಗಳಲ್ಲೂ ಹೊಟ್ಟೆ ಕಡೆ ನೋಡಲಿಲ್ಲ. ಕೇಳೋದು ಮರ್ಯಾದೆ ಅಲ್ಲ ಅಂತ ಸುಮ್ಮನಿದ್ದ. ಅದಕ್ಕೂ ಉಸಿರು ಕಟ್ಟುತ್ತೆ."

"ಯಾರೂ ಕೇಳದಿರೋದೇ ವಾಸಿ," ಎಂದು ನಾನು ವಾದಿಸಿದೆ. ನಮ್ಮ ಊರಿನ ಹೆಂಗಸರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸಾಕಾಗಿ ಹೋದವಳು ನಾನು.

"ನಿನ್ನ ಅಮ್ಮ ಕೆಳಗಡೆ ಇದಾಳೆ. ಅದಕ್ಕೇ ಹಾಗಂತೀಯ," ಎಂದಳು.

ಇನ್ನೊಂದು ದಿನ ಆಸ್ಪತ್ರೆಯ ಮಾತು ಬಂತು. ಅವರ ಊರಿನಲ್ಲಿ ಮೊಣಕೈಯಿಂದ ದಾರಿ ಮಾಡಿಕೊಂಡು ಡಾಕ್ಟರ ಮೇಜಿನವರೆಗೆ ನುಗ್ಗಬೇಕಂತೆ. ಇಲ್ಲಿಗೆ ಬಂದ ಹೊಸದರಲ್ಲಿ ಬಡಾವಣೆಯ ಡಾಕ್ಟರಾದ ಜಿಪಿಯ ಹತ್ತಿರವೂ ಹಾಗೇ ಮಾಡಿದಳಂತೆ. ಒಬ್ಬರೂ ಬಯ್ಯಲಿಲ್ಲ, ಸುಮ್ಮನೆ ನೋಡಿದರಂತೆ. ನಾಚಿಕೆಯಾಗಿ ನಿಲ್ಲುವುದನ್ನು ಕಲಿತಳು. ಮುಂದೊಮ್ಮೆ ಊರಿಗೆ ಹೋದಾಗ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸರದಿಯಲ್ಲಿ ನಿಂತೇ ಇದ್ದಳು. ಮಧ್ಯಾಹ್ನವಾದರೂ ಅವರ ಸರದಿ ಬರಲಿಲ್ಲ. "ಅಪ್ಪ ನನ್ನ ಮುಖ ನೋಡಿ, ನಿನಗೇನಾಗಿದೆ ಅಂತ ಕೇಳಿದ. ಕಾಯಿಲೆ ಅವನಿಗೆ, ಕೇಳಿದ್ದು ನನ್ನನ್ನ," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ನುಗ್ಗಲಾರದೆ ನಿಂತು ತಮ್ಮನಿಂದ ಬೈಸಿಕೊಂಡವಳು ನಾನೂ ಹೌದು.

ಅವಳಿಗೆ ಇನ್ನೊಬ್ಬ ಮಗಳಿದ್ದಳು. ಐದು ವರ್ಷದ ಹುಡುಗಿ, ಹಿಂದಿನ ವರ್ಷವಷ್ಟೇ ಚೀನಾದಿಂದ ಬಂದಿದ್ದಳು. ತಾಯಿ ಚೀನೀ ಭಾಷೆಯಲ್ಲಿ ಕೇಳಿದ್ದಕ್ಕೆ ಶಾಲೆಯಲ್ಲಿ ಕಲಿತ ಅರೆಬರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಆದರೆ ಕ್ಯಾಮೆರಾದ ಮುಂದೆ ತಟ್ಟೆ ಇಟ್ಟುಕೊಂಡು ಊಟಕ್ಕೆ ಕೂತಾಗ, ಅಜ್ಜಿಯ ಜೊತೆ ಅವರ ಊರಿನ ಮಾತಿನಲ್ಲಿ ಪಟಪಟನೆ ಹರಟುವುದು ನಮ್ಮ ಕೋಣೆಗೂ ಕೇಳುತ್ತಿತ್ತು.

ತಿಂಗಳು ಕಳೆದು ಬಾಣಂತನದ ಬಿಗಿ ಸಡಿಲವಾಯಿತು. ನಾವಿಬ್ಬರೂ ಹಿತ್ತಲಿಗಿಳಿದೆವು. ಮಧ್ಯದ ಬೇಲಿಯ ಒಂದು ಹಲಗೆ ಹಿಂದಿನ ಚಳಿಗಾಲದ ಗಾಳಿಗೆ ಬಿದ್ದುಹೋಗಿತ್ತು, ಸರಿಮಾಡಿಸುವ ಮಾತು ಯಾರೂ ಎತ್ತಲಿಲ್ಲ. ಹುಡುಗಿ ಆ ಸಂದಿಯಲ್ಲಿ ತೂರಿ ನಮ್ಮ ಕಡೆ ಬರತೊಡಗಿದಳು. ಅವಳು ಬರುತ್ತಿದ್ದುದು ನನಗಾಗಿ ಅಲ್ಲ, ಮಗುವಿಗಾಗಿಯೂ ಅಲ್ಲ. ನೆಟ್ಟಗೆ ಅಮ್ಮನ ಹತ್ತಿರ ಹೋಗಿ ಸೆರಗು ಹಿಡಿದುಕೊಂಡು ನಿಲ್ಲುತ್ತಿದ್ದಳು. ಅಮ್ಮ ಕನ್ನಡದಲ್ಲಿ, ಅವಳು ಚೀನಿಯಲ್ಲಿ. ಅಮ್ಮನನ್ನು ಅವಳು "ಪೋಪೋ" ಎಂದು ಕರೆಯುತ್ತಿದ್ದಳು. ಅವರಲ್ಲಿ ಅಜ್ಜಿಗೆ ಹಾಗೆನ್ನುತ್ತಾರಂತೆ.

"ಅದೇನೋ ಪೋಪೋ ಅಂತದೆ ಕಣೇ, ಹೋಗು ಅಂತದೋ ಬಾ ಅಂತದೋ," ಎಂದು ಅಮ್ಮ ಅವಳ ಬಾಯಿಗೆ ರವೆಉಂಡೆ ಇಡುತ್ತಿದ್ದಳು.

ಈ ನಡುವೆ ನಮ್ಮ ಮನೆಯಲ್ಲಿ ಒಂದು ತೀರ್ಮಾನವಾಗಿತ್ತು. ಅಮ್ಮನ ವೀಸಾ ಮುಗಿಯುವ ಹೊತ್ತಿಗೆ ನನ್ನ ರಜೆಯೂ ಮುಗಿಯುತ್ತಿತ್ತು. ನನ್ನ ತಂಡವನ್ನು ಒಡೆದು ಕಟ್ಟುವ ಮಾತು ಆಫೀಸಿನಲ್ಲಿ ನಡೆದಿತ್ತು. ಈಗ ಹೋಗಿ ಕೂರದಿದ್ದರೆ ನನ್ನ ಜಾಗದಲ್ಲಿ ಬೇರೊಬ್ಬರು ಕೂರುತ್ತಿದ್ದರು. ಕೂಸನ್ನು ನರ್ಸರಿಗೆ ಬಿಟ್ಟರೆ ಒಬ್ಬರ ಸಂಬಳ ಅದಕ್ಕೇ ಸರಿ. ಮನೆಸಾಲ ಬೇರೆ. ಹೀಗಾಗಿ ಅಮ್ಮ ಹೋಗುವಾಗ ಮಗುವನ್ನು ಜೊತೆಗೆ ಕರೆದುಕೊಂಡು ಹೋಗುವುದು, ಎರಡು ಮೂರು ವರ್ಷ ತಿಪಟೂರಿನಲ್ಲಿ ಬೆಳೆಯಲಿ ಎನ್ನುವುದು ಆ ತೀರ್ಮಾನ. ಇಲ್ಫರ್ಡಿನಲ್ಲಿರುವ ನನ್ನ ಗೆಳತಿಯೊಬ್ಬಳು ಹಾಗೇ ಮಾಡಿದ್ದಳು. ಅತ್ತೆ ಒಪ್ಪಿದರು, ಗಂಡ ಒಪ್ಪಿದ. ನಾನೂ ಒಪ್ಪಿದೆ. ಮಗುವಿಗೆ ಪಾಸ್‌ಪೋರ್ಟ್ ಬಂತು, ಟಿಕೆಟ್ ಆಯಿತು. ಅಮ್ಮ ಮಗುವಿಗೆ ಬಾಟಲಿ ಹಾಲು ರೂಢಿ ಮಾಡಿಸಿದಳು. ಊರಿಗೆ ಫೋನ್ ಮಾಡಿ ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ಬಣ್ಣ ಹೊಡೆಸಿದಳು. ಬೀದಿಯವರಿಗೆಲ್ಲ ಸುದ್ದಿ ಮುಟ್ಟಿಸಿದಳು. ಅಮ್ಮನ ಮುಖದಲ್ಲಿ ಅಂಥ ಕಳೆಯನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ. ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಏಳುವಾಗ ಮಾತ್ರ ಎದೆಯ ಮೇಲೆ ಯಾರೋ ಕೂತ ಹಾಗಿರುತ್ತಿತ್ತು.

ಪಕ್ಕದವಳಿಗೆ ಇದನ್ನು ಹೇಳಿದ್ದು ಬೇಲಿಯ ಹತ್ತಿರ, ಬಟ್ಟೆ ಒಣಗಿಹಾಕುವಾಗ. ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಮತ್ತೊಮ್ಮೆ ಹಿಂಡಿದಳು.

"ನನ್ನ ದೊಡ್ಡವಳನ್ನ ನಾನೂ ಕಳಿಸಿದ್ದೆ," ಎಂದಳು ಆಮೇಲೆ. "ಹತ್ತು ತಿಂಗಳಿಗೇ. ನಮ್ಮಲ್ಲಿ ಎಲ್ಲರೂ ಕಳಿಸ್ತಾರೆ. ಆಗ ನಮಗೆ ಇದ್ದದ್ದು ಒಂದೇ ಕೋಣೆ. ದಿನಾ ವಿಡಿಯೋ ಕಾಲ್ ಮಾಡ್ತಿದ್ದೆ, ಒಂದು ದಿನಾನೂ ತಪ್ಪಿಸಲಿಲ್ಲ. ಅಮ್ಮ ಅವಳಿಗೆ ಫೋನ್ ತೋರಿಸಿ ಇದೇ ನಿನ್ನ ಅಮ್ಮ ಅಂತ ಹೇಳಿಕೊಟ್ಟಿದ್ದಳು. ಎರಡು ವರ್ಷ ಆದಾಗ ನೋಡೋಕೆ ಹೋದೆ. ಎತ್ತಿಕೊಂಡೆ. ಅವಳಿಗೆ ನಾನು ಬೇಡವಾಗಿತ್ತು. ಅಳಲಿಲ್ಲ. ಬೆರಳು ತಗೊಂಡು ನನ್ನ ಕೆನ್ನೆ ಮೇಲೆ ಒತ್ತಿದಳು. ಮತ್ತೆ ಒತ್ತಿದಳು. ಏನು ಮಾಡ್ತಿದಾಳೆ ಅಂತ ನನಗೆ ಅರ್ಥ ಆಗಲಿಲ್ಲ. ಆಮೇಲೆ ಹೊಳೀತು, ಕಾಲ್ ಕಟ್ ಮಾಡ್ತಿದ್ದಳು."

ಅವಳು ಅಂಗಿಯನ್ನು ಕೊಡವಿ ತಂತಿಗೆ ಹಾಕಿದಳು. ಈಗ ಅವಳ ತಾಯಿ ಚಿಕ್ಕದನ್ನೂ ಕಳಿಸು ಎನ್ನುತ್ತಿದ್ದಾಳಂತೆ. ಹುಡುಗಿ ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ ಎಂದು ದಿನಾ ಕ್ಯಾಮೆರಾದಲ್ಲಿ ಅಳುತ್ತಾಳಂತೆ. ಕಳಿಸಿದರೆ ಈ ಮಗುವೂ ಕೈಬಿಟ್ಟಿತು, ಕಳಿಸದಿದ್ದರೆ ಅಲ್ಲಿ ತಾಯಿ ಸತ್ತಂತೆ ಎಂದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಟಿಕೆಟ್ ಆದ ಮೇಲೆ ಇಂಥದ್ದನ್ನೆಲ್ಲ ಯಾಕೆ ಹೇಳಬೇಕು? ಅವಳ ಕಥೆ ಅವಳದು, ನಮ್ಮದು ಬೇರೆ ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಬಂದೆ. ಕೆಲವು ದಿನ ಹಿತ್ತಲಿಗೆ ಹೋಗಲೇ ಇಲ್ಲ.

ಅಮ್ಮ ಹೊರಡುವುದಕ್ಕೆ ಇನ್ನೇನು ವಾರವಿದ್ದಾಗ ಅವರ ಹಿತ್ತಲಿನ ಸೇಬಿನ ಮರದಿಂದ ಆ ಹುಡುಗಿ ಬಿದ್ದಳು. ಎತ್ತರದಿಂದೇನಲ್ಲ, ಆದರೆ ಮಂಡಿ ಕಿತ್ತು ರಕ್ತ ಬರುತ್ತಿತ್ತು. ಕಿರುಚಿದ್ದು ಕೇಳಿ ನಾನು ಮಗುವನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದೆ. ಅವಳ ತಾಯಿ ನನಗಿಂತ ಮುಂಚೆಯೇ ಓಡಿಬಂದು, ಹುಲ್ಲಿನ ಮೇಲೆ ಮಂಡಿಯೂರಿ, ಎರಡೂ ತೋಳು ಚಾಚಿದ್ದಳು. ಹುಡುಗಿ ಎದ್ದಳು. ಅಳುತ್ತ, ಕುಂಟುತ್ತ ಬಂದಳು. ಆ ತೋಳುಗಳ ಪಕ್ಕದಲ್ಲೇ ಹಾದು, ಬೇಲಿಯ ಸಂದಿಯಲ್ಲಿ ತೂರಿ, ನಮ್ಮ ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದ ಅಮ್ಮನ ಸೀರೆಯಲ್ಲಿ ಮುಖ ಹುದುಗಿಸಿಕೊಂಡಳು.

"ಪೋಪೋ, ಪೋಪೋ," ಎಂದು ಬಿಕ್ಕುತ್ತಿದ್ದಳು.

"ಹೋಗು ಮಗಾ, ನಿಮ್ಮವ್ವ ಅಲ್ಲವ್ಳೆ ನೋಡು. ಅವ್ವನ ತಾವ ಹೋಗು," ಎಂದಳು ಅಮ್ಮ. ಹುಡುಗಿ ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ನನ್ನ ಅಮ್ಮನ ಪರಿಚಯ ಅವಳಿಗೆ ನಾಲ್ಕು ತಿಂಗಳದ್ದೂ ಅಲ್ಲ. ಮುದುಕಿ ಎನ್ನುವುದೊಂದೇ ಸಾಕಾಗಿತ್ತು.

ಬೇಲಿಯ ಆಚೆ ಅವಳ ತಾಯಿ ಚಾಚಿದ ತೋಳುಗಳನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ಇಳಿಸಿ, ಪ್ಯಾಂಟಿಗೆ ಅಂಟಿದ ಹುಲ್ಲನ್ನು ಒಂದೊಂದಾಗಿ ತೆಗೆಯತೊಡಗಿದಳು. ನನ್ನನ್ನು ನೋಡಲಿಲ್ಲ.

ಆ ಸಂಜೆಯೇ ಗಂಡನಿಗೆ ಹೇಳಿದೆ, ಮಗುವಿನ ಟಿಕೆಟ್ ಕ್ಯಾನ್ಸಲ್ ಮಾಡು ಎಂದು. "ಆಫೀಸು?" ಎಂದ. "ಗೊತ್ತಿಲ್ಲ," ಎಂದೆ. "ಸಾಲ?" ಎಂದ. "ಗೊತ್ತಿಲ್ಲ ಅಂದೆನಲ್ಲ!" ಎಂದು ಕಿರುಚಿದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಅಮ್ಮ ಕೇಳಿಸಿಕೊಂಡಿದ್ದಳು.

ಅವಳು ಬಯ್ಯಬಹುದು, ಅಳಬಹುದು, ಒಪ್ಪಿಸಲು ನೋಡಬಹುದು ಎಂದುಕೊಂಡಿದ್ದೆ. ಯಾವುದೂ ಆಗಲಿಲ್ಲ. ಮಗುವಿಗೆಂದು ತುಂಬಿಟ್ಟಿದ್ದ ಸೂಟ್‌ಕೇಸಿನಿಂದ ಕುಲಾವಿ, ದುಪ್ಪಟಿಗಳನ್ನೆಲ್ಲ ತೆಗೆದು ನನ್ನ ಹಾಸಿಗೆಯ ಮೇಲೆ ಇಟ್ಟಳು. ಆ ವಾರವೆಲ್ಲ ನನ್ನ ಜೊತೆ ಮಾತಿಲ್ಲ. ಹೇಳಬೇಕಾದದ್ದನ್ನೆಲ್ಲ ಮಗುವಿನ ಮುಖ ನೋಡಿ ಹೇಳುತ್ತಿದ್ದಳು. "ನಿಮ್ಮವ್ವಂಗೆ ನಂ ಮೇಲೆ ನಂಬ್ಕೆ ಇಲ್ಲ ಕಣಪ್ಪಾ. ನಾನೇನ್ ನಿನ್ನ ಉಪ್ಪಾಸ ಕೆಡವ್ತಿದ್ನಾ?" ಅದು ನಂಬಿಕೆಯ ಮಾತೇ ಅಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ? ನೀನು ಚೆನ್ನಾಗಿ ನೋಡಿಕೊಳ್ಳುತ್ತೀಯ, ಅದಕ್ಕೇ ಭಯ ಎಂದೇ? ಮನೆ ಮತ್ತೆ ಆ ಬೇಸಿಗೆಯ ಕೋಣೆಯಷ್ಟು ಇಕ್ಕಟ್ಟಾಯಿತು. ಈ ಸಲ ಒಳಗೆ ಅಮ್ಮನೂ ಸಿಕ್ಕಿಕೊಂಡಿದ್ದಳು.

ಅಮ್ಮ ಹೊರಡುವ ಮುನ್ನಾದಿನ ಪಕ್ಕದವಳು ಬಂದು, ಅಮ್ಮನ ಎರಡೂ ಕೈ ಹಿಡಿದುಕೊಂಡು ನಿಂತಳು. ತಾನೂ ಚಿಕ್ಕದನ್ನು ಕಳಿಸುವುದಿಲ್ಲ, ಕೆಲಸ ಬಿಡುತ್ತೇನೆ ಎಂದು ನನಗೆ ಹೇಳಿದಳು. ತಾಯಿಗೆ ಹೇಳಿದಾಗಿನಿಂದ ಕ್ಯಾಮೆರಾದಿಂದ ಧ್ವನಿ ಬಂದಿಲ್ಲವಂತೆ. "ಆದರೆ ದೀಪ ಉರೀತಾ ಇರುತ್ತೆ. ನೋಡ್ತಾ ಇರ್ತಾಳೆ," ಎಂದಳು. ಅವಳಿಗೆ ಸಮಾಧಾನವಾಗಿದೆಯೇ ಎಂದು ಕೇಳಬೇಕೆನಿಸಿತು. ಅವಳ ಮುಖ ನೋಡಿದರೆ ಕೇಳುವ ಅಗತ್ಯವಿರಲಿಲ್ಲ.

ಹೀಥ್ರೋ ವಿಮಾನ ನಿಲ್ದಾಣಕ್ಕೆ ನಾವು ಮೂವರೂ ಮಗುವನ್ನು ಎತ್ತಿಕೊಂಡು ಹೋದೆವು. ಗಂಡ ಟ್ರಾಲಿ ತಳ್ಳುತ್ತ ಬ್ಯಾಗು ಒಪ್ಪಿಸಲು ಹೋದ. ದಾರಿಯುದ್ದಕ್ಕೂ ಮಗು ಅಮ್ಮನ ತೊಡೆಯ ಮೇಲಿತ್ತು. ಸೆಕ್ಯೂರಿಟಿಯ ಬಾಗಿಲ ಹತ್ತಿರ ಬಂದಾಗಲೂ ಅವಳು ಕೊಡಲಿಲ್ಲ. ಅದರ ಕುಲಾವಿ ಸರಿಮಾಡಿದಳು, ಮತ್ತೆ ಬಿಚ್ಚಿ ಮತ್ತೆ ಕಟ್ಟಿದಳು. ನಾನು ಕೈ ಚಾಚಿದೆ.

"ಅಮ್ಮ, ಸಿಟ್ಟು ಮಾಡ್ಕೊಬೇಡ," ಎಂದೆ. "ಇವನನ್ನ ಬಿಟ್ಟು ಇರೋಕೆ ನನ್ನ ಕೈಲಿ ಆಗಲ್ಲಮ್ಮ. ಅಷ್ಟು ದೂರ ಕಳಿಸಿ ಹೇಗಿರಲಿ ಹೇಳು?"

ವಾರದಿಂದ ನನ್ನ ಕಡೆ ತಿರುಗದ ಅಮ್ಮ ಆಗ ನನ್ನನ್ನು ನೆಟ್ಟಗೆ ನೋಡಿದಳು. ಸಿಟ್ಟೇನೂ ಇರಲಿಲ್ಲ.

"ನಾನಿಲ್ವೇನೇ?" ಎಂದಳು. "ಹನ್ನೊಂದು ವರ್ಸದಿಂದ ಇಲ್ವಾ?"

ಮಗುವನ್ನು ನನ್ನ ತೋಳಿಗೆ ಹಾಕಿ, ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು.